ರಮಾ ಲಿಯೇಜ್‌ಗೆ ಹೊರಟದ್ದು

ಸ್ವೀಡನ್ನಿನ ಶೋವ್ಡೆ ಎಂಬ ಊರಿನ ಒಂದು ಶಾಲೆಯ ಅಡುಗೆಮನೆಯಲ್ಲಿ ರಮಾ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಏಳಕ್ಕೆ ಹೋಗಿ, ನಾನೂರು ಮಕ್ಕಳ ಊಟಕ್ಕೆ ಆಲೂಗಡ್ಡೆ ಬೇಯಿಸಿ, ಕ್ಯಾರೆಟ್ ತುರಿದು, ಪಾತ್ರೆಗಳನ್ನು ಯಂತ್ರಕ್ಕೆ ತುಂಬಿ ಮೂರು ಗಂಟೆಗೆ ಮನೆಗೆ ಬರುತ್ತಾಳೆ. ಅದಕ್ಕೆ ಮೊದಲು ಅವಳು ಹನ್ನೊಂದು ವರ್ಷ ಹರಿಹರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದಳು. ಗಂಡ ಯೋಗೀಶನಿಗೆ ಇಲ್ಲಿನ ಎಂಜಿನ್ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಾಗ ಮಗಳು ಇಂಚರಾಗೆ ಎಂಟು ವರ್ಷ. ಮೂವರೂ ಬಂದರು. ಈಗ ಇಂಚರಾಗೆ ಹದಿನಾಲ್ಕು.

ಕೆಲಸ ಬದಲಾದರೂ ಪ್ರಶ್ನೆ ಕೇಳುವ ಅಭ್ಯಾಸ ರಮಾಳನ್ನು ಬಿಡಲಿಲ್ಲ. ಸ್ವೀಡನ್ನಿನ ಶಾಲೆಗಳಲ್ಲಿ ಗುರುವಾರ ಬಂತೆಂದರೆ ಬಟಾಣಿ ಸೂಪು ಮಾಡುತ್ತಾರೆ. ಯಾಕೆ ಗುರುವಾರವೇ ಎಂದು ಅವಳು ಸೇರಿದ ಮೊದಲ ತಿಂಗಳೇ ಕೇಳಿದಳು. ಮೂವತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಮುಖ್ಯ ಅಡುಗೆಯವಳು ಸೌಟು ಕೆಳಗಿಟ್ಟಳು. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದಳು. ಮುಂದಿನ ವಾರ ರಮಾಳೇ ಎಲ್ಲೋ ಓದಿ, ಹಿಂದಿನ ಕಾಲದಲ್ಲಿ ಶುಕ್ರವಾರ ಉಪವಾಸವಿತ್ತಂತೆ, ಹಿಂದಿನ ದಿನ ಹೊಟ್ಟೆ ತುಂಬ ತಿನ್ನುತ್ತಿದ್ದರಂತೆ ಎಂದು ಬಂದು ಹೇಳಿದಳು. ಅಂದಿನಿಂದ ಅಡುಗೆಮನೆಯಲ್ಲಿ ಯಾರಿಗೆ ಏನು ಅನುಮಾನ ಬಂದರೂ ರಮಾಳನ್ನು ಕೇಳಿ ಎನ್ನುವುದು ರೂಢಿಯಾಯಿತು.

ಗುರುವಾರ ಸಂಜೆ ಅವಳು ಊರಿನ ಗ್ರಂಥಾಲಯದ ಭಾಷಾ ಕೆಫೆಗೆ ಹೋಗುತ್ತಿದ್ದಳು. ಹೊರಗಿನಿಂದ ಬಂದವರು ಊರಿನ ನಿವೃತ್ತರ ಜೊತೆ ಕಾಫಿ ಕುಡಿಯುತ್ತಾ ಸ್ವೀಡಿಷ್ ಮಾತಾಡಿ ನಾಲಿಗೆ ತಿದ್ದಿಕೊಳ್ಳುವ ಕೂಟ ಅದು. ರಮಾ ಕೂರುವ ಮೇಜನ್ನು ನೋಡಿಕೊಳ್ಳುತ್ತಿದ್ದವರು ಗುನ್‌ವೋರ್ ಎಂಬ ನಿವೃತ್ತ ನರ್ಸ್. ಎಪ್ಪತ್ತೊಂಬತ್ತು ವರ್ಷ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಎಡಮಂಡಿಯಲ್ಲಿ ನೋವು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಏಕವಚನವೇ. ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ರಮಾಗೆ ಎರಡು ವರ್ಷ ಹಿಡಿದಿತ್ತು. ಈಗಲೂ ಬಾಯಲ್ಲಿ 'ನೀನು' ಬಂದರೂ ಮನಸ್ಸಿನಲ್ಲಿ ಅವಳು ಹೇಳುತ್ತಿದ್ದದ್ದು 'ನೀವು' ಎಂದೇ.

ಕಳೆದ ವರ್ಷ ಆಗಸ್ಟ್ ಕೊನೆಯ ಒಂದು ಗುರುವಾರ ಮಾತಾಡಲು ಕೊಟ್ಟ ವಿಷಯ, ನಮ್ಮ ಮನೆಯವರು ಎಲ್ಲಿಂದ ಬಂದವರು ಎಂಬುದು. ಮೇಜಿನಲ್ಲಿದ್ದ ಐದು ಜನ ಐದು ದೇಶದ ಹೆಸರು ಹೇಳಿದರು. ಎಲ್ಲರದೂ ಮುಗಿದ ಮೇಲೆ ರಮಾ ಗುನ್‌ವೋರ್ ಕಡೆ ತಿರುಗಿದಳು.

"ನೀವು ಹೇಳಲೇ ಇಲ್ಲ. ನಿಮ್ಮ ಮನೆಯವರು ಎಲ್ಲಿಂದ ಬಂದವರು?"

ಸ್ವೀಡನ್ನಿನಲ್ಲೇ ಹುಟ್ಟಿದ ಹೆಂಗಸಿಗೆ ಈ ಪ್ರಶ್ನೆ ಹಾಕಿದ್ದಕ್ಕೆ ಉಳಿದವರು ನಕ್ಕರು. ಗುನ್‌ವೋರ್ ನಗಲಿಲ್ಲ.

"ನಮ್ಮಪ್ಪ ಹೇಳ್ತಿದ್ದರು, ನಾವು ವಲೂನರು, ಲಿಯೇಜ್ ಕಡೆಯವರು ಅಂತ," ಎಂದರು.

ರಮಾ ಲಿಯೇಜ್ ಎಂಬ ಹೆಸರನ್ನು ಕೇಳಿದ್ದು ಅದೇ ಮೊದಲು. ಗುನ್‌ವೋರ್ ಬಿಡಿಸಿ ಹೇಳಿದರು. ಅದು ಬೆಲ್ಜಿಯಂನ ಊರು, ಮ್ಯೂಸ್ ನದಿಯ ದಡದಲ್ಲಿದೆ, ಫ್ರೆಂಚ್ ಮಾತಾಡುವ ಊರು. ನಾನೂರು ವರ್ಷದ ಕೆಳಗೆ ಸ್ವೀಡನ್ನಿನಲ್ಲಿ ಅದಿರಿತ್ತು, ಕಾಡಿತ್ತು, ಆದರೆ ಒಳ್ಳೆಯ ಕಬ್ಬಿಣ ಬಡಿಯುವ ಕೈಗಳು ಕಡಿಮೆ ಇದ್ದವು. ಆ ಕೆಲಸ ಬಲ್ಲವರನ್ನು ಲಿಯೇಜ್ ಸುತ್ತಮುತ್ತಲಿಂದ ಕರೆಸಿಕೊಂಡರು. ಅವರು ಹೆಂಡತಿ ಮಕ್ಕಳ ಸಮೇತ ಬಂದು ಉಪ್ಲಂಡ್ ಪ್ರಾಂತ್ಯದ ಕುಲುಮೆ ಊರುಗಳಲ್ಲಿ ನೆಲೆಸಿದರು. ಅವರೇ ವಲೂನರು.

"ವರ್ಕ್ ಪರ್ಮಿಟ್‌ನವರು," ಎಂದಳು ರಮಾ.

"ಹೆಚ್ಚುಕಡಿಮೆ ಹಾಗೇ," ಎಂದು ಗುನ್‌ವೋರ್ ಕಾಫಿ ಬಗ್ಗಿಸಿಕೊಂಡರು. "ಆದರೆ ಈ ದೇಶದಲ್ಲಿ ಕೂದಲು ಸ್ವಲ್ಪ ಕಪ್ಪಗಿರೋ ಯಾರನ್ನ ಕೇಳಿದರೂ ತಾವು ವಲೂನರು ಅಂತಲೇ ಹೇಳ್ತಾರೆ. ನಮ್ಮಪ್ಪನೂ ಹೇಳ್ತಿದ್ದರು. ಆಮೇಲೆ ನಮ್ಮಣ್ಣ ಸ್ಟೇನ್, ಹುಟ್ಟು ಮದುವೆ ಬರೆದಿಟ್ಟ ಚರ್ಚಿನ ಹಳೇ ಪುಸ್ತಕಗಳನ್ನೆಲ್ಲ ಹುಡುಕಿದ. ಒಂದು ಕ್ರಿಸ್‌ಮಸ್ ಊಟದಲ್ಲಿ, ಎಲ್ಲರೂ ಕೂತಿದ್ದಾಗ, 'ಅಪ್ಪ, ನಮ್ಮ ಮನೆತನದಲ್ಲಿ ಒಬ್ಬನೂ ವಲೂನ್ ಇಲ್ಲ, ಎಲ್ಲರೂ ದಕ್ಷಿಣದ ಸ್ಮೋಲಂಡ್‌ನಿಂದ ಬಂದ ಕೂಲಿ ಆಳುಗಳು' ಅಂತ ನಗ್ತಾ ಹೇಳಿದ. ಅಪ್ಪ ಫೋರ್ಕ್ ಕೆಳಗಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು."

ರಮಾ ಸುಮ್ಮನಿರಬೇಕಿತ್ತು. ಆದರೆ ಆಧಾರವಿಲ್ಲದ ಮಾತನ್ನು ಒಬ್ಬ ಮನುಷ್ಯ ಜೀವನವಿಡೀ ಯಾಕೆ ನಂಬಿದ ಎನ್ನುವ ಪ್ರಶ್ನೆ ಅವಳನ್ನು ಬಿಡಲಿಲ್ಲ.

"ನಿಮ್ಮಪ್ಪನಿಗೆ ಅದನ್ನ ಯಾರು ಹೇಳಿದ್ದು?"

"ಅವರಮ್ಮ. ನಮ್ಮಜ್ಜಿ. ಅವಳು ಸ್ವಲ್ಪ ವಿಚಿತ್ರ ಹೆಂಗಸು. ಕ್ರಿಸ್‌ಮಸ್‌ಗೆ ದಪ್ಪಗೆ, ಕಪ್ಪಗೆ ಒಂದು ಪ್ಯಾನ್‌ಕೇಕ್ ಮಾಡೋಳು. ಅದಕ್ಕೆ ಬುಕೆಟ್ ಅನ್ನೋಳು."

ಸ್ವೀಡಿಷ್‌ನಲ್ಲಿ ಬುಕೆಟ್ ಎಂದರೆ ಹೂಗುಚ್ಛ. "ಹೂಗುಚ್ಛ ಯಾಕೆ?" ಎಂದಳು ರಮಾ.

"ಬೇಯುವಾಗ ಅಂಚು ಅರಳಿಕೊಳ್ತಿತ್ತು, ಹೂವಿನ ಹಾಗೆ. ಅದಕ್ಕೆ ಅಂತ ನಮ್ಮಮ್ಮ ಹೇಳೋಳು."

ಸಮಯವಾಯಿತೆಂದು ಗ್ರಂಥಾಲಯದವರು ಕಪ್ಪುಗಳನ್ನು ಎತ್ತತೊಡಗಿದರು. ರಮಾ ಹೊಸ ಪದಗಳನ್ನು ಬರೆದುಕೊಳ್ಳುವ ಪುಸ್ತಕದಲ್ಲಿ ಲಿಯೇಜ್, ಮ್ಯೂಸ್, ವಲೂನ್, ಬುಕೆಟ್ ಎಂದು ಕನ್ನಡದಲ್ಲೇ ಬರೆದುಕೊಂಡು ಬಸ್ಸಿಗೆ ಓಡಿದಳು.

ಆ ಭಾನುವಾರ ಮನೆಯಲ್ಲಿ ರಜೆಯ ಮಾತು ಬಂತು. ಅಕ್ಟೋಬರ್ ಕೊನೆಯಲ್ಲಿ ಸ್ವೀಡನ್ನಿನ ಶಾಲೆಗಳಿಗೆ ಒಂದು ವಾರ ರಜೆ. ಹೋಸ್ಟ್‌ಲೋವ್ ಎನ್ನುತ್ತಾರೆ. ಪ್ರತಿ ವರ್ಷ ಎಲ್ಲಿಗೆ ಹೋಗುವುದೆಂದು ಯೋಗೀಶನೇ ತೀರ್ಮಾನಿಸುತ್ತಿದ್ದ, ಅವನೇ ಟಿಕೆಟ್ ಮಾಡುತ್ತಿದ್ದ. ರಮಾ ಚಟ್ನಿಪುಡಿ ಕಟ್ಟಿಕೊಂಡು ಹಿಂದೆ ಹೋಗುತ್ತಿದ್ದಳು. ಈ ಸಲ ಅವನು ಲ್ಯಾಪ್‌ಟಾಪ್ ತಿರುಗಿಸಿ ಸ್ಪೇನಿನ ಕಡಲತೀರ ತೋರಿಸಿದ.

"ಈ ಸಲ ನಾನು ಪ್ಲಾನ್ ಮಾಡ್ಲಾ?" ಎಂದಳು ರಮಾ.

"ಮಾಡು. ಎಲ್ಲಿಗೆ?"

"ಲಿಯೇಜ್‌ಗೆ. ಎರಡೇ ರಾತ್ರಿ."

ಯೋಗೀಶ ಹೆಸರನ್ನು ಹುಡುಕಿ ನೋಡಿದ. "ಇದು ಹಳೇ ಸ್ಟೀಲ್ ಊರು ಕಣೇ. ಮಳೆ ಬೇರೆ ಬರತ್ತೆ ಅಂತಿದೆ. ಅಲ್ಲೇನಿದೆ?"

"ಗೊತ್ತಿಲ್ಲ ರೀ. ಗೊತ್ತಿಲ್ಲ ಅಂತಾನೇ ಹೋಗೋಣ ಅಂದಿದ್ದು."

ಸೋಫಾದ ಮೇಲೆ ಮಲಗಿದ್ದ ಇಂಚರಾ ಫೋನಿನಿಂದ ತಲೆ ಎತ್ತದೆ, "ಅಲ್ಲಿ ಫ್ರೆಂಚ್ ಮಾತಾಡ್ತಾರಾ?" ಎಂದಳು. ಅವಳು ಶಾಲೆಯಲ್ಲಿ ಎರಡು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದಳು. ಹೌದೆಂದು ತಿಳಿದ ಮೇಲೆ, "ಸ್ಪೇನ್ ಬೋರಿಂಗ್, ಅಪ್ಪ. ಲೆಟ್ಸ್ ಗೋ ದೇರ್," ಎಂದಳು. ಎರಡು ಮತ ಒಂದು ಕಡೆ ಬಿದ್ದವು.

ರಮಾಳ ಪ್ರವಾಸದ ಯೋಜನೆ ಹತ್ತನೇ ತರಗತಿಯ ಪಾಠ ಟಿಪ್ಪಣಿಯ ಹಾಗಿತ್ತು. ನಕ್ಷೆಯನ್ನು ನೋಡಿ ತಾನೇ ಕೈಯಿಂದ ಬರೆದುಕೊಂಡಳು. ನಡುವೆ ನೀಲಿ ಪೆನ್ಸಿಲ್ಲಿನಲ್ಲಿ ಮ್ಯೂಸ್ ನದಿ, ಎಡದಂಡೆಗೆ ಹಳೆಯ ಊರು, ಅದರ ಬೆನ್ನಿಗೆ ಗುಡ್ಡ. ಗುಡ್ಡಕ್ಕೆ ನೇರವಾಗಿ ಏರುವ ಮುನ್ನೂರ ಎಪ್ಪತ್ತನಾಲ್ಕು ಮೆಟ್ಟಿಲು. ಭಾನುವಾರ ಬೆಳಿಗ್ಗೆ ನದಿಯ ಉದ್ದಕ್ಕೂ ಸಂತೆ ನೆರೆಯುತ್ತದೆ ಎಂದು ಓದಿದ ಮೇಲೆ ಭಾನುವಾರ ಅಲ್ಲಿರಲೇಬೇಕು ಎಂದು ದಿನಗಳನ್ನು ಹಿಂದೆ ಮುಂದೆ ಮಾಡಿದಳು. ಕಬ್ಬಿಣದ ಕೆಲಸದ ಒಂದು ವಸ್ತುಸಂಗ್ರಹಾಲಯವಿತ್ತು, ಅದಕ್ಕೆ ಶನಿವಾರ ಬೆಳಿಗ್ಗೆ. ಪುಟದ ಬಲಭಾಗದಲ್ಲಿ ಪ್ರಶ್ನೆಗಳು. ಇಲ್ಲಿಂದ ಹೋದವರು ಯಾವ ದಾರಿಯಲ್ಲಿ ಹೋದರು? ದೋಣಿಯಲ್ಲೋ, ನಡೆದೋ? ಮನೆಯಲ್ಲಿ ಎಷ್ಟು ತಲೆಮಾರು ಫ್ರೆಂಚ್ ಮಾತಾಡಿದರು? ಮಕ್ಕಳು ಯಾವಾಗ ನಿಲ್ಲಿಸಿದರು?

ಒಂದು ಸಂಜೆ ಯೋಗೀಶ ಆ ಪುಟವನ್ನು ಪೂರ್ತಿ ಓದಿದ. "ನೀನು ಟೂರ್ ಹೋಗ್ತಿದ್ದೀಯೋ, ಇನ್ಸ್‌ಪೆಕ್ಷನ್‌ಗೋ?" ಎಂದ. ಆದರೆ ಮರುದಿನ ಆಫೀಸಿನಿಂದ ಬರುವಾಗ ಅವಳಿಗೆಂದು ಬಣ್ಣದ ಪೆನ್ಸಿಲ್ಲುಗಳನ್ನು ತಂದಿದ್ದ.

ತೊಂದರೆ ಬಂದದ್ದು ಅಕ್ಟೋಬರ್ ಎರಡನೇ ವಾರ. ಅವರ ವಾಸದ ಪರವಾನಗಿ ಸೆಪ್ಟೆಂಬರಿನಲ್ಲಿ ಮುಗಿದಿತ್ತು. ನವೀಕರಣಕ್ಕೆ ಮೊದಲೇ ಅರ್ಜಿ ಹಾಕಿದ್ದರು. ಅರ್ಜಿ ನಡೆಯುತ್ತಿರುವಾಗ ಸ್ವೀಡನ್ನಿನ ಒಳಗೆ ಇರಬಹುದು, ಕೆಲಸ ಮಾಡಬಹುದು. ಆದರೆ ಹೊಸ ಕಾರ್ಡ್ ಕೈಗೆ ಬರುವ ಮೊದಲು ದೇಶ ಬಿಟ್ಟು ಹೊರಗೆ ಹೋದರೆ ವಾಪಸು ಬರುವುದು ಕಷ್ಟ. ಯೋಗೀಶ ಅಷ್ಟರಲ್ಲಿ ಬಂದುಬಿಡುತ್ತದೆ ಎಂದುಕೊಂಡಿದ್ದ. ಬರಲಿಲ್ಲ.

"ಸಾರಿ ಕಣೇ," ಎಂದ. "ನಂಗೆ ಮೊದಲೇ ಹೊಳೀಬೇಕಿತ್ತು."

"ನೀವೇನ್ ಮಾಡ್ತೀರಿ ಬಿಡ್ರಿ," ಎಂದಳು ರಮಾ. ಹೋಟೆಲನ್ನು ರದ್ದು ಮಾಡಿದಳು. ನಕ್ಷೆಯ ಪುಟವನ್ನು ಫ್ರಿಜ್ಜಿನ ಮೇಲಿಂದ ತೆಗೆದು ಡ್ರಾಯರಿಗೆ ಹಾಕಿದಳು. ಮೂರು ದಿನ ಯಾರನ್ನೂ ಏನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು ಹುಷಾರಿಲ್ಲವೇ ಎಂದು ವಿಚಾರಿಸಿದಳು.

ನಾಲ್ಕನೇ ದಿನ ಪುಟ ಮತ್ತೆ ಹೊರಗೆ ಬಂತು. ಹೋಗುವುದು ನಿಂತಿತ್ತೇ ಹೊರತು ಹುಡುಕುವುದಕ್ಕೆ ಯಾರ ಕಾರ್ಡೂ ಬೇಕಿರಲಿಲ್ಲ. ಹಳೆಯ ಊರಿನ ಸಣ್ಣ ತಿಂಡಿ ಅಂಗಡಿಗಳ ಪಟ್ಟಿಗಳನ್ನು ನೋಡುತ್ತಾ ಕೂತಿದ್ದವಳಿಗೆ ಒಂದು ಚಿತ್ರ ಕಾಣಿಸಿತು. ತಟ್ಟೆಯಲ್ಲಿ ಕಪ್ಪಗಿನ, ದಪ್ಪನೆಯ ಪ್ಯಾನ್‌ಕೇಕ್, ಮೇಲೆ ಸಕ್ಕರೆ. ಕೆಳಗೆ ಫ್ರೆಂಚ್ ಅಕ್ಷರದಲ್ಲಿ ಒಂದು ಪದ. ಅವಳು ಮಗಳನ್ನು ಕೂಗಿದಳು.

"ಇದನ್ನ ಓದು."

"ಬುಕೆಟ್," ಎಂದು ಓದಿದಳು ಇಂಚರಾ. "ಬೊಕೆ ಥರ ಇದೆ. ಫ್ಲವರ್ಸ್ ಇರ್ಬೇಕು."

ರಮಾ ಕುರ್ಚಿ ಎಳೆದು ಮಗಳನ್ನು ಕೂರಿಸಿದಳು. "ಇಂಚರಾ, ಈ ಅಂಗಡಿಗೆ ಫೋನ್ ಮಾಡು."

"ಅಮ್ಮ, ನೋ. ನಂಗೆ ಅಷ್ಟು ಫ್ರೆಂಚ್ ಬರಲ್ಲ."

"ಎರಡು ವರ್ಷದಿಂದ ಏನ್ ಕಲಿತೆ ಹಾಗಾದ್ರೆ?"

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಮೇಜಿನ ಮೇಲೆ ಫೋನು ಸ್ಪೀಕರಿನಲ್ಲಿತ್ತು. ಇಂಚರಾ ಕೇಳಬೇಕಾದ ಎರಡು ವಾಕ್ಯಗಳನ್ನು ಕಾಗದದಲ್ಲಿ ಬರೆದುಕೊಂಡಿದ್ದಳು. ಅತ್ತ ಕಡೆ ಒಬ್ಬ ಹೆಂಗಸು ಎತ್ತಿದಳು. ಇಂಚರಾ ಕಾಗದ ನೋಡಿ ಒಂದೇ ಉಸಿರಿಗೆ ಓದಿದಳು. ಅತ್ತಲಿಂದ ಮಾತು ಬಿರುಸಾಗಿ ಸುರಿಯಿತು.

"ಅಮ್ಮ, ಅವ್ರು ತುಂಬಾ ಫಾಸ್ಟ್."

"ನಿಧಾನಕ್ಕೆ ಹೇಳಿ ಅಂತ ಕೇಳು."

ಇಂಚರಾ ಕೇಳಿದಳು. ಆ ಹೆಂಗಸಿನ ದನಿ ಬದಲಾಯಿತು. ಪುಟ್ಟ ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು. ಇಂಚರಾ ಬರೆದುಕೊಂಡಳು, ಮತ್ತೊಮ್ಮೆ ಕೇಳಿದಳು, ಹುಬ್ಬು ಗಂಟಿಕ್ಕಿದಳು, ಆಮೇಲೆ ನಕ್ಕಳು. ಏಳು ನಿಮಿಷ ಮಾತಾಡಿ ಫೋನಿಟ್ಟಾಗ ಅವಳ ಕಿವಿ ಕೆಂಪಾಗಿತ್ತು.

"ಏನಂದ್ರು?"

"ಫ್ಲವರ್ಸ್ ಅಲ್ಲವಂತೆ. ಅದು ಫ್ರೆಂಚೂ ಅಲ್ಲವಂತೆ, ಅಲ್ಲಿಯ ಹಳೇ ಭಾಷೆ. ಅದೊಂದು ಹಿಟ್ಟು. ಫ್ರೆಂಚ್‌ನಲ್ಲಿ ಸರಾಸಾಂ ಅಂತಾರಂತೆ. ತಾಳು." ಫೋನಿನಲ್ಲಿ ಹುಡುಕಿದಳು. "ಸ್ವೀಡಿಷ್‌ನಲ್ಲಿ ಬೂವೇತೆ. ಬಕ್‌ವೀಟ್, ಅಮ್ಮ. ಹಿಟ್ಟಿಗೂ ಬುಕೆಟ್ ಅಂತಾರೆ, ಅದ್ರಲ್ಲಿ ಮಾಡೋ ಪ್ಯಾನ್‌ಕೇಕ್‌ಗೂ ಬುಕೆಟ್ ಅಂತಾರೆ. ಅವ್ರ ಅಜ್ಜಿ ಕ್ರಿಸ್‌ಮಸ್‌ಗೆ ಮಾಡ್ತಿದ್ರಂತೆ."

"ಕ್ರಿಸ್‌ಮಸ್‌ಗೆ ಅಂತ ಅವ್ರೇ ಹೇಳಿದ್ರಾ? ನೀನು ಕೇಳಿದ್ಯಾ?"

"ನಾನು ಕೇಳ್ಲಿಲ್ಲ. ಅವ್ರೇ ಹೇಳಿದ್ದು. ಪ್ರಾಮಿಸ್."

ರಮಾ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. ಅವಳು ಹನ್ನೊಂದು ವರ್ಷ ಆಧಾರಗಳು ಎಂಬ ಪಾಠ ಮಾಡಿದ್ದಳು. ಶಾಸನಗಳು, ನಾಣ್ಯಗಳು, ಕಡತಗಳು ಎಂದು ಕಪ್ಪುಹಲಗೆಯ ಮೇಲೆ ಬರೆಸಿದ್ದಳು. ಒಂದು ಮುದುಕಿಯ ಬಾಯಲ್ಲಿ ಉಳಿದ ತಿಂಡಿಯ ಹೆಸರನ್ನು ಯಾವ ಪಟ್ಟಿಯಲ್ಲೂ ಸೇರಿಸಿರಲಿಲ್ಲ.

ಗುರುವಾರದವರೆಗೆ ಕಾಯಲಾಗಲಿಲ್ಲ. ಅವತ್ತೇ ಮಧ್ಯಾಹ್ನ ಗುನ್‌ವೋರ್ ಅವರ ಮನೆಯ ಬಾಗಿಲು ತಟ್ಟಿದಳು. ಮೊದಲೇ ಹೇಳದೆ ಯಾರ ಮನೆಗೂ ಹೋಗದ ದೇಶದಲ್ಲಿ ಅದು ಸಣ್ಣ ಅಪರಾಧ. ಗುನ್‌ವೋರ್ ಆಶ್ಚರ್ಯಪಟ್ಟರೂ ಒಳಗೆ ಕರೆದು ಕಾಫಿಗಿಟ್ಟರು.

ರಮಾ ಹೇಳಿದ್ದನ್ನೆಲ್ಲ ಅವರು ಕೈಕಟ್ಟಿ ಕೇಳಿದರು. ಕೊನೆಗೆ ತಲೆಯಾಡಿಸಿದರು.

"ಇಲ್ಲ. ನಮ್ಮಜ್ಜಿ ಬೂವೇತೆ ಹಾಕ್ತಿರಲಿಲ್ಲ. ಬಾರ್ಲಿ ಹಿಟ್ಟು. ನಾನೇ ಕಲೆಸಿಕೊಡ್ತಿದ್ದೆ."

ರಮಾ ಒಂದು ಕ್ಷಣ ಪೆಚ್ಚಾದಳು. ಆಮೇಲೆ ತನ್ನ ಮನೆಯ ಹಿಟ್ಟಿನ ಡಬ್ಬ ನೆನಪಾಯಿತು. ಊರಿಂದ ತಂದ ರಾಗಿ ಹಿಟ್ಟು ಖಾಲಿಯಾದಾಗ ಅವಳು ಅಂಗಡಿಯ ರೈ ಹಿಟ್ಟಿನಲ್ಲಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ರೊಟ್ಟಿ ತಟ್ಟುತ್ತಾಳೆ. ಆರು ವರ್ಷದಿಂದ ಹಾಗೇ ನಡೆದಿದೆ. ಇಂಚರಾ ಅದಕ್ಕೆ ರಾಗಿ ರೊಟ್ಟಿ ಎಂದೇ ಹೇಳುತ್ತಾಳೆ. ಅದರಲ್ಲಿ ಒಂದು ಚಿಟಿಕೆ ರಾಗಿಯೂ ಇರುವುದಿಲ್ಲ.

"ವಲೂನರು ನೆಲೆಸಿದ ಉಪ್ಲಂಡ್ ಕಡೆ ಬೂವೇತೆ ಬೆಳೀತಾರಾ?" ಎಂದು ಕೇಳಿದಳು.

"ಇಲ್ಲ. ಅದೆಲ್ಲ ದಕ್ಷಿಣದಲ್ಲಿ. ಉಪ್ಲಂಡ್‌ನಲ್ಲಿ ಚಳಿ ಜಾಸ್ತಿ."

"ಹಾಗಾದರೆ ಸಿಕ್ಕಿದ ಹಿಟ್ಟು ಹಾಕಿದ್ದಾರೆ. ಹೆಸರು ಮಾತ್ರ ಬದಲಾಯಿಸಲಿಲ್ಲ," ಎಂದಳು ರಮಾ, ಮತ್ತು ತನ್ನ ರೊಟ್ಟಿಯ ಸಂಗತಿ ಹೇಳಿದಳು.

ಗುನ್‌ವೋರ್ ಎದ್ದು ಕಪ್ಪುಗಳನ್ನು ತೆಗೆದಿಟ್ಟರು. ಕಾಫಿ ಪಾತ್ರೆ ಸದ್ದು ಮಾಡಿ ನಿಂತಿತು. "ಇದರಿಂದ ರಕ್ತ ಸಂಬಂಧ ಅಂತ ಆಗೋದಿಲ್ಲ," ಎಂದರು ಕಾಫಿ ಬಗ್ಗಿಸುತ್ತಾ. "ಅಜ್ಜಿ ಪಕ್ಕದ ಮನೆಯವಳಿಂದ ಕಲಿತಿರಬಹುದು."

"ಇರಬಹುದು," ಎಂದು ರಮಾ ಒಪ್ಪಿದಳು. "ನಿಮ್ಮಣ್ಣ ಹುಡುಕಿದರಲ್ಲ, ಯಾರ ಕಡೆಯಿಂದ ಹುಡುಕಿದರು?"

"ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ಹೀಗೇ ಮೇಲಕ್ಕೆ."

"ಅಜ್ಜಿಯ ಅಮ್ಮನನ್ನ ಹುಡುಕಲಿಲ್ಲವಾ? ಅಜ್ಜಿಯ ಅಜ್ಜಿಯನ್ನ?"

ಗುನ್‌ವೋರ್ ಕಪ್ಪನ್ನು ತಟ್ಟೆಯ ಮೇಲಿಟ್ಟರು. ಆ ಕ್ರಿಸ್‌ಮಸ್ ಊಟವಾಗಿ ಕಳೆದ ನಲವತ್ತು ವರ್ಷದಲ್ಲಿ ಅದನ್ನು ಕೇಳಬೇಕೆಂದು ಅವರಿಗೂ ತೋಚಿರಲಿಲ್ಲ, ಅಣ್ಣನಿಗೂ ತೋಚಿರಲಿಲ್ಲ.

ರಮಾ ಎದುರಿಗಿರುವಾಗಲೇ ಅವರು ವೆಸ್ಟೆರೋಸ್‌ನಲ್ಲಿದ್ದ ಸ್ಟೇನ್‌ಗೆ ಫೋನು ಮಾಡಿದರು. ಎಂಬತ್ತನಾಲ್ಕು ವರ್ಷದ ಆ ಅಣ್ಣ, ಈ ತಂಗಿ ಹಬ್ಬಕ್ಕೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಮಾತಾಡುವವರು. ಗುನ್‌ವೋರ್ ಪೀಠಿಕೆ ಹಾಕಲಿಲ್ಲ.

"ಸ್ಟೇನ್, ಅಜ್ಜಿಯ ಬುಕೆಟ್ ನೆನಪಿದೆಯಾ?"

ಆ ಕಡೆ ಏನೋ ಹೇಳಿದ್ದು ಕೇಳಿಸಿತು. "ಹೌದು, ಬಾರ್ಲಿದು," ಎಂದರು ಗುನ್‌ವೋರ್. ಆಮೇಲೆ ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ರಮಾ ತನ್ನ ಕಾಫಿ ಮುಗಿಸಿ, ಕಪ್ಪನ್ನು ತೊಳೆದಿಟ್ಟು, ಸದ್ದಾಗದಂತೆ ಹೊರಗೆ ಬಂದಳು.

ನವೆಂಬರಿನಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೆ ನಡೆದವು. ಮೊದಲನೆಯದು, ಕಾರ್ಡುಗಳು ಬಂದವು. ಎರಡನೆಯದು, ಸ್ಟೇನ್ ತಂಗಿಗೆ ಒಂದು ದಪ್ಪ ಲಕೋಟೆ ಕಳಿಸಿದರು. ಗುನ್‌ವೋರ್ ಅದನ್ನು ಭಾಷಾ ಕೆಫೆಗೆ ತಂದು, ಉಳಿದವರೆಲ್ಲ ಹೋಗುವವರೆಗೆ ಕಾದು, ರಮಾಳ ಮುಂದಿಟ್ಟರು. ಅಜ್ಜಿಯ ಅಮ್ಮ ಹುಟ್ಟಿದ್ದು ಉಪ್ಲಂಡ್‌ನ ಒಂದು ಕುಲುಮೆ ಊರಿನಲ್ಲಿ. ಅವಳ ತಂದೆ ಕುಲುಮೆಯ ಕೆಲಸದವನು. ಮನೆತನದ ಹೆಸರು ಮಾರ್ಟಿನೆಲ್, ವಲೂನರ ಹೆಸರು. ಅದಕ್ಕಿಂತ ಮೇಲೆ ಮೂರು ತಲೆಮಾರು ಸಿಕ್ಕಿತ್ತು, ಆಮೇಲೆ ಪುಸ್ತಕಗಳ ಹಾಳೆಗಳೇ ಇಲ್ಲ. ಕೊನೆಯ ಕಾಗದದ ಅಡಿಯಲ್ಲಿ ಸ್ಟೇನ್ ತಮ್ಮ ನಡುಗುವ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದರು. ಗುನ್‌ವೋರ್ ಬೆರಳಿಟ್ಟು ಓದಿ ಹೇಳಿದರು.

"ಅಪ್ಪನ ಹತ್ತಿರ ಕ್ಷಮೆ ಕೇಳಬೇಕಿತ್ತು, ಅಂತ ಬರೆದಿದ್ದಾನೆ."

ರಮಾ ಆ ಸಾಲನ್ನು ತಾನೂ ಒಮ್ಮೆ ಓದಿದಳು. ಕಾಗದಗಳನ್ನು ಕ್ರಮವಾಗಿ ಜೋಡಿಸಿ ಲಕೋಟೆಗೆ ಹಾಕಿ ಕೊಟ್ಟಳು.

"ನಾನು ಡಿಸೆಂಬರ್‌ನಲ್ಲಿ ಲಿಯೇಜ್‌ಗೆ ಹೋಗ್ತಿದ್ದೀನಿ," ಎಂದಳು ಆಮೇಲೆ. "ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರ ಹೊರಟು ಭಾನುವಾರ ವಾಪಸ್. ನೀವೂ ಬನ್ನಿ."

"ನನ್ನ ಮಂಡಿ ನೋಡಿದ್ದೀಯಲ್ಲ."

"ಮೆಟ್ಟಿಲು ಹತ್ತೋದು ನಾನೊಬ್ಬಳೇ. ನಿಮಗೆ ಬರೀ ಸಪಾಟಾದ ಜಾಗಗಳನ್ನ ಗುರುತು ಹಾಕ್ತೀನಿ."

ಗುನ್‌ವೋರ್ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ನಾಲ್ಕು ದಿನ ಬಿಟ್ಟು ಅವರಿಂದ ಬಂದ ಸಂದೇಶದಲ್ಲಿ ಹೀಗಷ್ಟೇ ಇತ್ತು: ಪಾಸ್‌ಪೋರ್ಟ್ ಇನ್ನೂ ಚಾಲ್ತಿಯಲ್ಲಿದೆ.

ಯೋಗೀಶನಿಗೆ ಆ ವಾರ ಹೊಸ ಎಂಜಿನ್ನಿನ ಪರೀಕ್ಷೆ ಇತ್ತು. ಅವನಿಗೆ ಬರಲಾಗಲಿಲ್ಲ. "ಒಬ್ಬಳೇ ಮ್ಯಾನೇಜ್ ಮಾಡ್ತೀಯಾ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ರಮಾ, "ಮೂರು ಜನ ಇದೀವಲ್ರೀ," ಎಂದಳು. ಹೊರಡುವ ದಿನ ಬೆಳಿಗ್ಗೆ ಅವಳ ಕೈಚೀಲದಲ್ಲಿ ಕಾರ್ಡು, ಪಾಸ್‌ಪೋರ್ಟು, ಟಿಕೆಟ್ಟುಗಳ ಪ್ರತಿಗಳು ಎರಡೆರಡು ಸೆಟ್ ಇದ್ದವು. ಅವನು ಆಫೀಸಿನಲ್ಲಿ ಪ್ರಿಂಟ್ ಮಾಡಿ, ಅವಳ ಕೈಬರಹದ ನಕ್ಷೆಯನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ತಂದಿದ್ದ.

ಗೋಥೆನ್‌ಬರ್ಗ್‌ವರೆಗೆ ರೈಲು, ಬ್ರಸೆಲ್ಸ್‌ವರೆಗೆ ವಿಮಾನ, ಅಲ್ಲಿಂದ ಮತ್ತೆ ರೈಲು. ಲಿಯೇಜ್ ನಿಲ್ದಾಣದಲ್ಲಿ ಇಳಿದಾಗ ತಲೆಯ ಮೇಲೆ ಬಿಳಿ ಉಕ್ಕಿನ ಕಮಾನುಗಳು, ಗಾಜಿನ ಚಾವಣಿ. ಗುನ್‌ವೋರ್ ಅಲ್ಲೇ ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದರು. "ಉಕ್ಕು," ಎಂದರು.

ಊರು ಯೋಗೀಶ ಹೇಳಿದಂತೆಯೇ ಇತ್ತು. ಮಳೆ ಹನಿಯುತ್ತಿತ್ತು, ಗೋಡೆಗಳಿಗೆ ಹಳೆಯ ಹೊಗೆಯ ಬಣ್ಣ. ನಕ್ಷೆಯಲ್ಲಿ ನೀಲಿ ಹಚ್ಚಿದ್ದ ಮ್ಯೂಸ್ ನದಿ ಬೂದು ಬಣ್ಣದಲ್ಲಿ, ದೊಡ್ಡದಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಶನಿವಾರ ಬೆಳಿಗ್ಗೆ ಕಬ್ಬಿಣದ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಸುತ್ತಿಗೆಯ ಮುಂದೆ ರಮಾ ಇಪ್ಪತ್ತು ನಿಮಿಷ ನಿಂತು, ಅದನ್ನು ನೀರಿನ ಬಲದಿಂದ ಹೇಗೆ ಎತ್ತುತ್ತಿದ್ದರು ಎಂದು ಇಂಚರಾಳ ಮೂಲಕ ಕಾವಲಿನವನನ್ನು ಕೇಳಿ ಕೇಳಿ ತಿಳಿದುಕೊಂಡಳು. ಅವನು ಕೊನೆಗೆ ತನ್ನ ಕುರ್ಚಿ ಬಿಟ್ಟು ಬಂದು, ಕೈಗಳನ್ನೇ ಚಕ್ರ ಮಾಡಿ ತೋರಿಸಿದ.

ಸಂಜೆ ಹಳೆಯ ಊರಿನ ಚೌಕದಲ್ಲಿ ಕ್ರಿಸ್‌ಮಸ್ ಅಂಗಡಿಗಳ ದೀಪಗಳು ಹತ್ತಿದ್ದವು. ಬುಕೆಟ್ ಮಾಡುವ ಒಂದು ಮರದ ಗೂಡಂಗಡಿಯ ಮುಂದೆ ಜನ ಸಾಲು ನಿಂತಿದ್ದರು. ಕಪ್ಪು ಬಾಣಲೆಯಲ್ಲಿ ಹಿಟ್ಟು ಹೊಯ್ದು, ಒಣದ್ರಾಕ್ಷಿ ಉದುರಿಸಿ ಒಬ್ಬಳು ತಿರುವುತ್ತಿದ್ದಳು. ಮೂವರೂ ಎತ್ತರದ ಮೇಜೊಂದರ ಬಳಿ ನಿಂತು ಕಾಗದದ ತಟ್ಟೆ ಹಿಡಿದರು. ರಮಾ ತಿನ್ನದೆ ಗುನ್‌ವೋರ್ ಮುಖವನ್ನೇ ನೋಡುತ್ತಿದ್ದಳು. ಅವರು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಇನ್ನೊಂದು ತುಂಡು ತಿಂದರು.

"ರುಚಿ ಬೇರೆ," ಎಂದರು. "ನಮ್ಮಜ್ಜಿಯದೇ ಚೆನ್ನಾಗಿತ್ತು."

ಇಂಚರಾಗೆ ನಗು ತಡೆಯಲಾಗಲಿಲ್ಲ. ರಮಾಗೆ ಸ್ವಲ್ಪ ನಿರಾಸೆಯಾಯಿತು, ಅದನ್ನು ತೋರಿಸಲಿಲ್ಲ. ಗುನ್‌ವೋರ್ ಪೂರ್ತಿ ತಿಂದು, ತಟ್ಟೆಯನ್ನು ಮಡಚಿ, ಕುಂಟುತ್ತಾ ಗೂಡಂಗಡಿಯ ಹತ್ತಿರ ಹೋದರು. ಬಾಣಲೆಯ ಕಡೆ ಬೆರಳು ತೋರಿಸಿ ಆ ಹೆಂಗಸಿಗೆ ಸ್ವೀಡಿಷ್‌ನಲ್ಲೇ, "ಬುಕೆಟ್," ಎಂದರು. ಅವಳು ಹೌದೆಂದು ತಲೆಯಾಡಿಸಿ, ತಾನೂ "ಬುಕೆಟ್" ಎಂದಳು. ಗುನ್‌ವೋರ್ ಮತ್ತೊಮ್ಮೆ ಹೇಳಿದರು. ಇವರಿಗೆ ಇನ್ನೊಂದು ಬೇಕೇನೋ ಎನಿಸಿ ಅವಳು ತಟ್ಟೆಗೆ ಹಾಕಿ ಕೊಟ್ಟಳು. ಗುನ್‌ವೋರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಮಳೆಯ ಹನಿ ಅವರ ಕನ್ನಡಕದ ಮೇಲಿತ್ತು, ಒರೆಸಿಕೊಳ್ಳಲಿಲ್ಲ. "ಸ್ಟೇನ್‌ಗೆ ಒಂದು ಫೋಟೋ ಕಳಿಸಬೇಕು," ಎಂದು ಇಂಚರಾಳ ಕೈಗೆ ಫೋನು ಕೊಟ್ಟರು.

ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು. ನದಿದಂಡೆಯ ಸಂತೆಯಲ್ಲಿ ಚೀಸು, ಕೋಳಿಮರಿ, ಸಾಕ್ಸು, ಕಿತ್ತಳೆ ಎಲ್ಲ ಒಂದೇ ಸಾಲಿನಲ್ಲಿ ಮಾರುತ್ತಿದ್ದರು. ಗುನ್‌ವೋರ್ ಮತ್ತು ಇಂಚರಾ ಒಂದು ಕೆಫೆಯಲ್ಲಿ ಕೂತರು. ರಮಾ ಒಬ್ಬಳೇ ಆ ಮುನ್ನೂರ ಎಪ್ಪತ್ತನಾಲ್ಕು ಮೆಟ್ಟಿಲು ಹತ್ತಿದಳು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಮೇಲಿಂದ ಊರಿನ ಚಾವಣಿಗಳು, ಚರ್ಚುಗಳು, ಸೇತುವೆಗಳು, ಉತ್ತರಕ್ಕೆ ಸಾಗುವ ನದಿ ಕಾಣುತ್ತಿದ್ದವು. ಅವಳ ಪಟ್ಟಿಯ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಿತ್ತು. ಅಲ್ಲಿ ನಿಂತಾಗ ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆ ಹುಟ್ಟಿತು. ಕೆಳಗಿಳಿದು ಬಂದವಳು ಕೋಟು ಕೂಡ ಬಿಚ್ಚದೆ ಅದನ್ನು ಗುನ್‌ವೋರ್ ಮುಂದಿಟ್ಟಳು.

"ಸ್ವೀಡನ್ನಿಗೆ ಬನ್ನಿ ಅಂತ ಕಮ್ಮಾರರನ್ನ ಕರೆದರಲ್ಲ. ಹೆಂಡತಿಯರನ್ನ ಯಾರಾದರೂ ಕೇಳಿದರಾ?"

"ಅದು ಯಾವ ಚರ್ಚಿನ ಪುಸ್ತಕದಲ್ಲೂ ಇರೋದಿಲ್ಲ," ಎಂದರು ಗುನ್‌ವೋರ್. ಆಮೇಲೆ, "ನಿನ್ನನ್ನ ಕೇಳಿದ್ದರಾ?" ಎಂದರು.

ಇಂಚರಾ ತಲೆ ಎತ್ತಿ ಅಮ್ಮನನ್ನು ನೋಡಿದಳು. ರಮಾ ಕೋಟು ಬಿಚ್ಚಿ ಕೂತಳು.

"ಕೇಳಿದ್ದರು. ನಾನು ಒಂದು ದಿನ ಟೈಮ್ ತಗೊಂಡೆ. ಶಾಲೆಗೆ ಹೋಗಿ ಸ್ಟಾಫ್ ರೂಮಿನ ದೊಡ್ಡ ಅಟ್ಲಾಸ್ ತೆಗೆದು ಶೋವ್ಡೆ ಹುಡುಕಿದೆ. ಅದರಲ್ಲಿ ಇರಲೇ ಇಲ್ಲ, ಎರಡು ಕೆರೆಗಳ ಮಧ್ಯೆ ಬರೀ ಹಸಿರು ಬಣ್ಣ. ಅಲ್ಲೇನಿರಬಹುದು ಅಂತ ಅನ್ನಿಸಿತು. ಸಂಜೆ ಮನೆಗೆ ಬಂದು ಹೂಂ ಅಂದೆ."

"ಇದನ್ನ ನೀನು ನಂಗೆ ಹೇಳೇ ಇಲ್ಲ," ಎಂದಳು ಇಂಚರಾ, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ.

"ನೀನು ಕೇಳಿರಲಿಲ್ಲ," ಎಂದಳು ರಮಾ. ಬ್ರಸೆಲ್ಸ್ ರೈಲಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಗುನ್‌ವೋರ್ ಮೂವರಿಗೂ ಮತ್ತೊಂದು ಸುತ್ತು ಕಾಫಿ ತರಿಸಿದರು, ಇಂಚರಾ ಕುರ್ಚಿಯನ್ನು ಅಮ್ಮನ ಹತ್ತಿರ ಎಳೆದುಕೊಂಡು, "ಆಮೇಲೆ?" ಎಂದಳು.